ಇಂಗ್ಲೆಂಡಿನ ಪಬ್‌ನಲ್ಲಿ ಊಟ ಮಾಡೋರಿಗೆ

ಲಂಡನ್ ಬಿಟ್ಟು ಹಳ್ಳಿ ಕಡೆ ಸುತ್ತೋಕೆ ಹೊರಟಿದ್ದೀರಾ? ಬಹಳಷ್ಟು ಗ್ಯಾಸ್ಟ್ರೋಪಬ್‌ಗಳ, ಅಂದರೆ ಒಳ್ಳೆ ಊಟಕ್ಕೂ ಒತ್ತು ಕೊಡೋ ಪಬ್‌ಗಳ, ಅಡುಗೆಮನೆ ಮಧ್ಯಾಹ್ನ ಎರಡೂವರೆ-ಮೂರಕ್ಕೆ ಮುಚ್ಚಿದರೆ ಮತ್ತೆ ಶುರುವಾಗೋದು ಸಂಜೆ ಆರರ ಸುಮಾರಿಗೆ. ಬಾಗಿಲು ತೆರೆದಿದೆ, ಜನ ಬಿಯರ್ ಹೀರ್ತಾ ಕೂತಿದ್ದಾರೆ ಅಂದಮಾತ್ರಕ್ಕೆ ಊಟ ಸಿಗಲ್ಲ. ಭಾನುವಾರದ ರೋಸ್ಟ್‌ಗಂತೂ (ಹುರಿದ ಮಾಂಸ, ಆಲೂಗಡ್ಡೆ, ತರಕಾರಿ, ಗ್ರೇವಿ ಇರೋ ಸಾಂಪ್ರದಾಯಿಕ ಊಟ) ಮೊದಲೇ ಟೇಬಲ್ ಬುಕ್ ಮಾಡಿ.

ಸಸ್ಯಾಹಾರಿಗಳು ಸ್ವಲ್ಪ ಕೆದಕಿ ಕೇಳಲೇಬೇಕು. ಚಿಪ್ಸ್ (ಅಲ್ಲಿ ಹಾಗಂದರೆ ದಪ್ಪ ಫ್ರೆಂಚ್ ಫ್ರೈಸ್) ಕರಿಯೋದು ಎಣ್ಣೆಯಲ್ಲೋ, ಬೀಫ್ ಡ್ರಿಪ್ಪಿಂಗ್‌ನಲ್ಲೋ, ಅಂದರೆ ದನದ ಕೊಬ್ಬಿನಲ್ಲೋ? ವೆಜ್ ರೋಸ್ಟ್ ಮೇಲೆ ಸುರಿಯೋ ಗ್ರೇವಿ ಮಾಂಸದ್ದಲ್ಲ ತಾನೇ? ಚೀಸ್ ಟೋಸ್ಟ್‌ಗೆ ಹಾಕೋ ವೂಸ್ಟರ್ ಸಾಸ್‌ನಲ್ಲೂ ಸಾಮಾನ್ಯವಾಗಿ ಮೀನು ಇರುತ್ತೆ. ಸಂಕೋಚ ಬೇಡ, ಯಾರೂ ಮುಖ ಸಿಂಡರಿಸಲ್ಲ. ಅಲರ್ಜಿ ಇದ್ದೋರಿಗೆ 14 ಪದಾರ್ಥಗಳ ಬಗ್ಗೆ ಮಾಹಿತಿ ಕೊಡೋದು ಅಲ್ಲಿ ಕಾನೂನು.

ಕೂತಲ್ಲಿಗೇ ವೇಟರ್ ಬರ್ತಾರೆ ಅಂತ ಕಾಯ್ತಾ ಇರಬೇಡಿ. ಅನೇಕ ಕಡೆ ಟೇಬಲ್ ನಂಬರ್ ನೋಡ್ಕೊಂಡು ಬಾರ್ ಕೌಂಟರ್‌ಗೆ ಹೋಗಿ ಆರ್ಡರ್ ಹೇಳಬೇಕು. ನೀರು ಬೇಕಾದರೆ 'ಟ್ಯಾಪ್ ವಾಟರ್' ಅಂತಲೇ ಕೇಳಿ, ಮದ್ಯದ ಲೈಸೆನ್ಸ್ ಇರೋ ಜಾಗದಲ್ಲಿ ಪುಕ್ಕಟೆ. ಬರೀ ನೀರು ಅಂದರೆ ಬಾಟಲಿ ತಂದಿಟ್ಟು ದುಡ್ಡು ಹಾಕಬಹುದು.

ಹೋಟೆಲ್ ರೆಸ್ಟೋರೆಂಟ್ ಬಿಲ್ಲಿನ ಕೊನೆ ಸಾಲು ನೋಡಿ. 12.5% ಸರ್ವಿಸ್ ಚಾರ್ಜ್ ಸೇರಿಸಿದ್ದರೆ ಬೇರೆ ಟಿಪ್ಸ್ ಕೊಡೋದು ಬೇಕಿಲ್ಲ. 'ಡಿಸ್ಕ್ರೆಷನರಿ', ಅಂದರೆ ಕೊಡೋದು ಬಿಡೋದು ನಿಮ್ಮಿಷ್ಟ, ಅಂತ ಬರೆದಿದ್ದರೆ, ಸೇವೆ ಸರಿಯಿಲ್ಲ ಅನ್ನಿಸಿದಾಗ ತೆಗೆಸಲೂಬಹುದು.