ಹೆಪಟೈಟಿಸ್ ಬಿ ಇದೆಯಾ? ಡಿ ಕೂಡ ನೋಡಿಸಿ

ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಹೋದ ತಿಂಗಳು ಒಬ್ಬರು ರಿಪೋರ್ಟ್ ಹಿಡಿದು ಬಂದು, "ಬಿ ಪಾಸಿಟಿವ್ ಅಂತೆ ಮೇಡಂ, ನಮ್ಮಪ್ಪಂದೂ ಅದೇ ಗ್ರೂಪು" ಎಂದು ನಕ್ಕರು. ನೋಡಿದರೆ ಅದು ರಕ್ತದ ಗುಂಪಲ್ಲ. ಎಚ್‌ಬಿಎಸ್‌ಎಜಿ ಎದುರು ಪಾಸಿಟಿವ್ ಎಂದಿತ್ತು. ಅಂದರೆ ಹೆಪಟೈಟಿಸ್ ಬಿ, ಲಿವರಿಗೆ ತಗಲುವ ವೈರಸ್. ಕೂರಿಸಿ ಹೇಳಿದೆ. ಹೇಳಿದ್ದರಲ್ಲಿ ಅರ್ಧ ಹೆಪಟೈಟಿಸ್ ಡಿ ಎಂಬ ಇನ್ನೊಂದು ಲಿವರ್ ವೈರಸ್ಸಿನ ಮಾತೇ, ಅದನ್ನು ಯಾರೂ ಕೇಳುವುದಿಲ್ಲ ನೋಡಿ.

ಡಿ ವೈರಸ್ಸಿಗೆ ಸ್ವಂತ ಅಂಗಿ ಇಲ್ಲ. ಬಿ ವೈರಸ್ಸಿನ ಅಂಗಿ ತೊಟ್ಟೇ ಓಡಾಡಬೇಕು. ಆ ಅಂಗಿಯೇ ಎಚ್‌ಬಿಎಸ್‌ಎಜಿ. ಹಾಗಾಗಿ ಬಿ ಇಲ್ಲದವರಿಗೆ ಡಿ ಕಾಯಿಲೆ ಬರಲ್ಲ. 1977ರಲ್ಲಿ ಇಟಲಿಯ ವೈದ್ಯ ಮಾರಿಯೋ ರಿಜೆಟ್ಟೋ ಇದನ್ನು ಮೊದಲು ಕಂಡಾಗ ಬಿ ವೈರಸ್ಸಿನದೇ ತುಂಡು ಅಂದುಕೊಂಡಿದ್ದರಂತೆ.

ಎರಡೂ ಒಟ್ಟಿಗೆ ಬಂದರೆ ಕಾಮಾಲೆ ಜೋರಾಗಿರಬಹುದು, ಆದರೆ ದೊಡ್ಡವರಲ್ಲಿ ಹೆಚ್ಚಿನವರಿಗೆ ವಾಸಿಯಾಗುತ್ತದೆ. ಹಳೇ ಬಿ ಮೇಲೆ ಡಿ ಬಂದು ಕೂತರೆ ಕಷ್ಟ. ಬಹಳಷ್ಟು ಜನರಲ್ಲಿ ಅದು ಹೋಗುವುದೇ ಇಲ್ಲ, ಲಿವರ್ ಬೇಗ ಗಟ್ಟಿಕಟ್ಟಿ ಕೆಡುತ್ತದೆ.

ಡಾಕ್ಟರ ಹತ್ತಿರ "ಆಂಟಿ ಎಚ್‌ಡಿವಿ ಮಾಡಿಸಲಾ?" ಎಂದು ಬಾಯಿಬಿಟ್ಟು ಕೇಳಿ. ಎಚ್‌ಡಿವಿ ಅಂದರೆ ಡಿ ವೈರಸ್ಸೇ, ಇದು ಅದರ ರಕ್ತಪರೀಕ್ಷೆ. ಎಸ್‌ಜಿಪಿಟಿ (ಲಿವರಿಗೆ ಪೆಟ್ಟಾಗಿದೆಯಾ ಎಂದು ತೋರಿಸುವ ಪರೀಕ್ಷೆ) ಏರಿದ್ದು, ಬಿ ವೈರಸ್ಸಿನ ಡಿಎನ್‌ಎ ಮಾತ್ರ ಕಡಿಮೆ ಇದ್ದರೆ ಕೇಳಲೇಬೇಕು. ಆಂಟಿ ಎಚ್‌ಡಿವಿ ಪಾಸಿಟಿವ್ ಬಂದರೆ ಎಚ್‌ಡಿವಿ ಆರ್‌ಎನ್‌ಎ ಪರೀಕ್ಷೆ. ಮೊದಲನೆಯದು ಹಿಂದೆ ಬಂದು ಹೋಗಿದ್ದಕ್ಕೂ ಪಾಸಿಟಿವ್ ತೋರಿಸಬಹುದು, ವೈರಸ್ ಈಗ ಇದೆಯಾ ಎಂದು ಹೇಳುವುದು ಎರಡನೆಯದು. ನಮ್ಮಂಥ ಸಣ್ಣ ಲ್ಯಾಬಿನಲ್ಲಿ ಇವು ಆಗಲ್ಲ, ಸ್ಯಾಂಪಲ್ ದೊಡ್ಡ ಲ್ಯಾಬಿಗೆ ಹೋಗುತ್ತದೆ.

ಬಿಗೆ ಕೊಡುವ ಟೆನೊಫೊವಿರ್ ಮಾತ್ರೆ ಡಿ ಮೇಲೆ ನಡೆಯಲ್ಲ. ಹಾಗಂತ ನೀವೇ ನಿಲ್ಲಿಸಬೇಡಿ. ಡಿಗೆ ಸಾಮಾನ್ಯವಾಗಿ ವಾರಕ್ಕೊಂದು ಪೆಗ್ ಇಂಟರ್‌ಫೆರಾನ್ ಇಂಜೆಕ್ಷನ್, 48 ವಾರ. ಜ್ವರ, ಸುಸ್ತು ಇದ್ದದ್ದೇ. ನಾಟಿ ಔಷಧಿ ಕುಡಿದು ಕಾಯುತ್ತಾ ಕೂರುವ ಕಾಯಿಲೆ ಇದಲ್ಲ. ಕುಡಿತವಂತೂ ಬೇಡವೇ ಬೇಡ.

ಆ ರಿಪೋರ್ಟ್ ತಂದವರ ಮನೆಯಲ್ಲಿ ಆಗಲೇ ತಟ್ಟೆ, ಲೋಟ ಬೇರೆ ಇಟ್ಟಿದ್ದರಂತೆ. ಸುಮ್ನೆ ನೋವು, ಅಲ್ವಾ? ಊಟದಿಂದ ಇದು ಹರಡುವುದಿಲ್ಲ. ಬೇರೆ ಇಡಬೇಕಾದ್ದು ರೇಜರ್, ಬ್ರಷ್, ನೇಲ್ ಕಟರ್. ಕಟಿಂಗ್ ಶಾಪಿನಲ್ಲಿ ಹೊಸ ಬ್ಲೇಡ್ ಹಾಕಿಸಿಕೊಳ್ಳಿ. ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ, ಕಾಂಡೋಮ್ ಇರಲಿ. ಮನೆಯವರಿಗೆಲ್ಲ ಎಚ್‌ಬಿಎಸ್‌ಎಜಿ ಮಾಡಿಸಿ, ಇಲ್ಲದವರಿಗೆ ಬಿ ಲಸಿಕೆ ಕೊಡಿಸಿ. ದೊಡ್ಡವರಿಗೆ ಮೂರು ಡೋಸ್: ಇವತ್ತೊಂದು, ಒಂದು ತಿಂಗಳಾದ ಮೇಲೆ ಒಂದು, ಮೊದಲನೆಯದಾಗಿ ಆರು ತಿಂಗಳಿಗೆ ಇನ್ನೊಂದು. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ. ಡಿಗೆ ಬೇರೆ ಲಸಿಕೆ ಇಲ್ಲ, ಬಿ ತಡೆದರೆ ಡಿ ಕೂಡ ತಡೆದಂತೆ.

ಮೊನ್ನೆ ಅವರು ಹೆಂಡತಿ, ಮಕ್ಕಳನ್ನು ಪರೀಕ್ಷೆಗೆ ಕರೆತಂದಿದ್ದರು. ಚಿಕ್ಕವನು ಸೂಜಿ ನೋಡಿ ನನ್ನ ಮೇಜಿನ ಕೆಳಗೆ ಹೊಕ್ಕುಬಿಟ್ಟ. ಅಪ್ಪನೇ ಬಗ್ಗಿ ಈಚೆಗೆ ಎಳೆಯಬೇಕಾಯಿತು.