ಇಲಿ ಮರೆತಿತೋ, ಮನಸ್ಸು ಮಾಡಲಿಲ್ಲವೋ? ಕಿಣ್ವದ ಕೆಲಸ ಪತ್ತೆ ಹಚ್ಚುವುದು ಹೀಗೆ

ಒಂದು ಕಿಣ್ವವನ್ನು (ಜೀವಕೋಶದ ರಾಸಾಯನಿಕ ಕ್ರಿಯೆ ನಡೆಸುವ ಪ್ರೋಟೀನ್) ಇಲ್ಲವಾಗಿಸಿದ ಇಲಿಯೊಂದು ಪರೀಕ್ಷೆಯಲ್ಲಿ ತಪ್ಪುತ್ತದೆ. ಕಲಿತದ್ದು ಮರೆತುಹೋಯಿತೇ? ಮೊದಲೇ ಕಲಿತಿರಲಿಲ್ಲವೇ? ಅಥವಾ ಗುರಿ ಮುಟ್ಟುವ ಮನಸ್ಸೇ ಅದಕ್ಕೆ ಬರಲಿಲ್ಲವೇ? ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ. ಇವನ್ನು ಬಿಡಿಸಿ ನೋಡದೆ ‘ಈ ಕಿಣ್ವ ಇಲ್ಲದಿದ್ದರೆ ನೆನಪೇ ಇಲ್ಲ’ ಎಂದುಬಿಡುವುದು ಆತುರದ ಮಾತು.

ಮೊದಲು ಕಿಣ್ವವನ್ನು ಅರಿಯಬೇಕು. ಉದಾಹರಣೆಗೆ ಕ್ಯಾಮ್‌ಕೆ-2. ಎರಡು ನರಕೋಶಗಳು ಸಂಧಿಸುವಲ್ಲಿ ಜೋರಾದ ಸಂಕೇತ ಬಂದಾಗ ಕ್ಯಾಲ್ಸಿಯಂ ಒಳನುಗ್ಗಿ ಈ ಕಿಣ್ವವನ್ನು ಎಬ್ಬಿಸುತ್ತದೆ. ಸಾಮಾನ್ಯವಾಗಿ ಇದರಲ್ಲಿ 12 ಘಟಕಗಳು ಉಂಗುರದಂತೆ ಕೂಡಿರುತ್ತವೆ. ಎದ್ದ ಘಟಕ ಪಕ್ಕದ್ದಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಹಾಗಾಗಿ ಕ್ಯಾಲ್ಸಿಯಂ ಇಳಿದ ಮೇಲೂ ಕಿಣ್ವ ಕೊಂಚ ಹೊತ್ತು ಎಚ್ಚರವಾಗಿಯೇ ಇರುತ್ತದೆ, ಆ ಸಂಪರ್ಕ ಗಟ್ಟಿಯಾಗಲು ನೆರವಾಗುತ್ತದೆ.

ಎರಡನೆಯದು, ಕಿಣ್ವವನ್ನು ಇಲ್ಲವಾಗಿಸುವುದು. ಸುಸುಮು ಟೊನೆಗಾವ ಅವರ ಪ್ರಯೋಗಾಲಯದಲ್ಲಿ ಆಲ್ಸಿನೋ ಸಿಲ್ವ ಮತ್ತು ಸಂಗಡಿಗರು ಈ ಕಿಣ್ವದ ಆಲ್ಫಾ ರೂಪದ ಜೀನ್ ಕೆಲಸ ಮಾಡದ ಇಲಿಗಳನ್ನು ರೂಪಿಸಿ, 1992ರಲ್ಲಿ ಫಲಿತಾಂಶ ಪ್ರಕಟಿಸಿದರು.

ಮೂರನೆಯದು ಈಜಿನ ಪರೀಕ್ಷೆ. ರಿಚರ್ಡ್ ಮಾರಿಸ್ ಇದನ್ನು ಮೊದಲು ಹೆಗ್ಗಣಗಳಿಗಾಗಿ ರೂಪಿಸಿದ್ದರು. ದುಂಡನೆಯ ತೊಟ್ಟಿ. ತಳ ಕಾಣದಂತೆ ಬೆಳ್ಳಗೆ ಮಾಡಿದ ನೀರು. ನೀರಿನ ಮಟ್ಟದಿಂದ ಒಂದೆರಡು ಸೆಂಟಿಮೀಟರ್ ಕೆಳಗೆ ಅಡಗಿದ ಪುಟ್ಟ ಕಟ್ಟೆ. ಮೊದಲ ದಿನ ಇಲಿ ಮೂತಿ ಮೇಲೆತ್ತಿ ಅಂಚನ್ನೇ ಹಿಡಿದು ಸುತ್ತುತ್ತದೆ. ಕಟ್ಟೆ ಸಿಗದಿದ್ದರೆ ಕೈಯಿಂದ ದಾರಿ ತೋರಿಸಿ ಅಲ್ಲಿಗೆ ಹತ್ತಿಸುತ್ತಾರೆ. ಅದು ಒದ್ದೆ ಮೈಯಲ್ಲೇ ಕೂತು ಸುತ್ತಲಿನ ಗುರುತುಗಳನ್ನು ನೋಡುತ್ತದೆ. ಪ್ರತಿ ಸಲ ಬೇರೆ ಬೇರೆ ಕಡೆಯಿಂದ ಬಿಡುವುದರಿಂದ ‘ಎಡಕ್ಕೆ ತಿರುಗು’ ಎಂಬ ಬಾಯಿಪಾಠ ಇಲ್ಲಿ ನಡೆಯದು. ದಿನಗಳು ಕಳೆದಂತೆ ಸಾಮಾನ್ಯ ಇಲಿ ನೇರ ಅಲ್ಲಿಗೇ ಈಜುತ್ತದೆ. ಕೊನೆಗೆ ಕಟ್ಟೆಯನ್ನೇ ತೆಗೆದುಬಿಡುತ್ತಾರೆ. ನನಗೆ ತುಂಬ ಇಷ್ಟವಾದ ಘಟ್ಟ ಇದೇ: ನೆನಪಿರುವ ಇಲಿ ಕಟ್ಟೆ ಇದ್ದ ಜಾಗದಲ್ಲೇ ಮತ್ತೆ ಮತ್ತೆ ಹುಡುಕುತ್ತದೆ.

ಕಿಣ್ವವಿಲ್ಲದವು ಇಲ್ಲಿ ಸೋತವು. ಕಣ್ಣಿಗೆ ಕಾಣುವ ಕಟ್ಟೆಗೆ ಹೋಗುವುದನ್ನು ಮಾತ್ರ ಕಲಿತವು. ಅಂದರೆ ದೃಷ್ಟಿ, ಈಜು, ದಡ ಸೇರುವ ಆಸೆ ಎಲ್ಲವೂ ಇದ್ದವು. ಕೊರತೆ ಜಾಗದ ಕಲಿಕೆಯಲ್ಲಿತ್ತು.

ನಾಲ್ಕನೆಯದು ಪ್ರೇರಣೆ. ಇದಕ್ಕೆ ಇನ್ನೊಂದು ಕಿಣ್ವವನ್ನು ನೋಡಬೇಕು: ಮಿದುಳಿನ ಸಂಕೇತವಾಹಕ ರಾಸಾಯನಿಕ ಡೋಪಮೈನ್‌ನ ತಯಾರಿಗೆ ಬೇಕಾದ ಟೈರೋಸಿನ್ ಹೈಡ್ರಾಕ್ಸಿಲೇಸ್. ರಿಚರ್ಡ್ ಪಾಮಿಟರ್ ಅವರ ತಂಡ 1995ರಲ್ಲಿ ವರದಿ ಮಾಡಿದ ಇಲಿಗಳಲ್ಲಿ ಡೋಪಮೈನ್ ನರಕೋಶಗಳಿಗೆ ಈ ಕಿಣ್ವವೇ ಇರಲಿಲ್ಲ. ಅವು ಹೆಚ್ಚು ಅಲುಗಾಡುತ್ತಿರಲಿಲ್ಲ, ಸಾಕಷ್ಟು ತಿನ್ನದೆ ಸೊರಗಿ ಸಾಯುತ್ತಿದ್ದವು. ದೇಹದಲ್ಲಿ ಡೋಪಮೈನ್ ಆಗಿ ಬದಲಾಗುವ ಎಲ್-ಡೋಪಾ ಚುಚ್ಚಿದರೆ ಎದ್ದು ತಿನ್ನುತ್ತಿದ್ದವು.

ಇಂಥ ಇಲಿ ದಾರಿ ಕಲಿಯುತ್ತದೆಯೇ? 2005ರಲ್ಲಿ ಅದೇ ತಂಡ ಇವನ್ನು ‘ಟಿ’ ಆಕಾರದ, ಒಂದು ಕವಲಲ್ಲಿ ಬಹುಮಾನವಿದ್ದ ದಾರಿಗೆ ಬಿಟ್ಟಿತು. ಚಲನೆಯ ಕೊರತೆ ಅಡ್ಡಬರದಿರಲೆಂದು ಕೆಲವಕ್ಕೆ ಕೆಫೀನ್ ಕೊಟ್ಟಿತು. ಡೋಪಮೈನ್ ಇಲ್ಲದೆಯೂ ಬಹುಮಾನ ಅವಕ್ಕೆ ಇಷ್ಟವಾಗುತ್ತಿತ್ತು, ಅದು ಯಾವ ಕಡೆ ಇದೆ ಎಂಬುದನ್ನೂ ಅವು ಕಲಿತಿದ್ದವು. ಅದನ್ನು ಬೇಕೆಂದು ಅರಸಿ ಹೋಗುವ ತುಡಿತ ಮಾತ್ರ ಇರಲಿಲ್ಲ.