ಬಿಸಿ ಇರುವಾಗಲೇ ಸಕ್ಕರೆ, ಆರಿದ ಮೇಲಲ್ಲ

ಹೋದ ಡಿಸೆಂಬರಿನಲ್ಲಿ, ಕ್ರಿಸ್‌ಮಸ್‌ಗೆ ಮುಂಚಿನ ಆಡ್ವೆಂಟ್ ವಾರಗಳಲ್ಲಿ, ನಮ್ಮ ಶಾಲೆಯ ಮೇಜಿನ ಮೇಲೆ ಒಂದು ಡಬ್ಬಿ ಕಿಪ್ಫರ್ಲ್ ಬಂತು, ಅಂದರೆ ಸಕ್ಕರೆ ಮೆತ್ತಿದ ಅರ್ಧಚಂದ್ರಾಕಾರದ ಬಾದಾಮಿ ಬಿಸ್ಕತ್ತು. ನಮ್ಮ ಜೊತೆಗೇ ಮಧ್ಯಾಹ್ನ ಮಕ್ಕಳನ್ನು ನೋಡಿಕೊಳ್ಳುವ ಬೆಂಗಳೂರಿನ ಹುಡುಗಿ ತಂದದ್ದು. ಮುಚ್ಚಳ ತೆಗೆದರೆ ಅರ್ಧ ಪುಡಿ, ಅರ್ಧ ಕಲ್ಲು. ಸಕ್ಕರೆಯೆಲ್ಲ ಡಬ್ಬಿಯ ತಳ ಸೇರಿತ್ತು. "ಆಂಟಿ, ವಿಡಿಯೋ ನೋಡಿ ಹಾಗೇ ಮಾಡಿದೆ" ಅಂದಳು. ವಿಡಿಯೋದಲ್ಲಿ ಬೇಕಿಂಗ್ ಒಲೆಯಿಂದ ತೆಗೆದ ತಟ್ಟೆ ತೋರಿಸುತ್ತಾರೆ, ಆಮೇಲೆ ಸಕ್ಕರೆ ಮೆತ್ತಿದ ಕಿಪ್ಫರ್ಲ್ ತೋರಿಸುತ್ತಾರೆ. ಕೆಲಸವೆಲ್ಲ ಇರುವುದು ಅವೆರಡರ ನಡುವಿನ ಐದು ನಿಮಿಷದಲ್ಲಿ. ಅದನ್ನೇ ಕತ್ತರಿಸಿಬಿಡುತ್ತಾರೆ. ಅವಳೊಬ್ಬಳೇ ಅಲ್ಲ, ಈಚೆಗೆ ಜರ್ಮನಿಯ ಈ ಎರ್ಲಾಂಗೆನ್ ಊರಿಗೆ ಬಂದ ನಮ್ಮವರ ಮನೆಗಳಲ್ಲೆಲ್ಲ ಇದೇ ಪುಡಿ, ಇದೇ ಕಲ್ಲು. ನೋಡಿ ನೋಡಿ ಸಾಕಾಯಿತು. ಅದಕ್ಕೇ ಈ ಸಲ ಬರೆದೇ ಬಿಡುತ್ತೇನೆ.

ನಾನು ಹಾಸನದ ಕಡೆಯವಳು. ಇಲ್ಲಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಮಿಟ್ಟಾಗ್ಸ್‌ಬೆಟ್ರೊಯುಂಗ್ ಕೆಲಸ. ಅಂದರೆ ಪಾಠ ಮುಗಿದ ಮೇಲೆ ಮಕ್ಕಳಿಗೆ ಊಟ ಬಡಿಸುವುದು, ಹೋಮ್‌ವರ್ಕ್ ಮಾಡಿಸುವುದು, ಕಳೆದುಹೋದ ಕೈಚೀಲ ಟೋಪಿ ಹುಡುಕಿಕೊಡುವುದು. ಮನೆಯ ದೀಪಾವಳಿ ಚಕ್ಕುಲಿ ಡಬ್ಬಿ ಖಾಲಿಯಾಗುವ ಹೊತ್ತಿಗೆ ಶಾಲೆಯಲ್ಲಿ ಹಬ್ಬ ಶುರು. ನವೆಂಬರ್ 11ಕ್ಕೆ ಸಂತ ಮಾರ್ಟಿನನ ಲಾಟೀನು ಮೆರವಣಿಗೆ, ಆಮೇಲೆ ನಾಲ್ಕು ಆಡ್ವೆಂಟ್ ಭಾನುವಾರ, ಡಿಸೆಂಬರ್ 6ಕ್ಕೆ ಸಂತ ನಿಕೊಲೌಸನ ಹಬ್ಬ, ಕೊನೆಗೆ ಜನವರಿ 6ಕ್ಕೆ ಮೂವರು ರಾಜರ ಹಬ್ಬ. ಇಷ್ಟೂ ದಿನ ಯಾರ ಮನೆಗೆ ಹೋದರೂ ತಟ್ಟೆಯಲ್ಲಿ ಪ್ಲೆಟ್ಸ್‌ಷೆನ್, ಅಂದರೆ ಸಣ್ಣ ಸಣ್ಣ ಹಬ್ಬದ ಬಿಸ್ಕತ್ತು. ಅದರಲ್ಲಿ ಕಿಪ್ಫರ್ಲ್ ನಮ್ಮವರಿಗೆ ಹೇಳಿ ಮಾಡಿಸಿದ್ದು. ಮೊಟ್ಟೆ ಹಾಕದೆಯೇ ಚೆನ್ನಾಗಿ ಆಗುತ್ತದೆ, ಬಾದಾಮಿ ಬೆಣ್ಣೆಯ ಘಮ, ಆಕಾರ ಪುಟ್ಟ ಕರಿಗಡುಬಿನ ಹಾಗೆ. ವಿಯೆನ್ನಾ ಕಡೆಯ ತಿಂಡಿ, ಈಗ ನಾವಿರುವ ಬವೇರಿಯಾ ರಾಜ್ಯದ ಮನೆಮನೆಯಲ್ಲೂ ಇದೆ.

ಮೊದಲು ಸಕ್ಕರೆ. ಇದು ಡಿಸೆಂಬರಿನ ಕೆಲಸವಲ್ಲ, ನವೆಂಬರಿನದು. ಅಂಗಡಿಯಲ್ಲಿ 8 ಗ್ರಾಮಿನ ಪೊಟ್ಟಣ ಸಿಗುತ್ತದೆ. ಮೇಲೆ "ವನಿಲಿನ್" ಅಂತ ಬರೆದಿದ್ದರೆ ಅದರಲ್ಲಿರುವುದು ಕಾರ್ಖಾನೆಯ ವಾಸನೆ. ಕೈಗೆ ತೆಗೆದುಕೊಂಡ ಪೊಟ್ಟಣವನ್ನು ಅಲ್ಲೇ ಇಟ್ಟು ಮುಂದೆ ಹೋಗಿ. ಒಂದು ನಿಜವಾದ ವನಿಲಾ ಕೋಡು ತನ್ನಿ. ದುಬಾರಿಯೇ, ಆದರೆ ವರ್ಷಕ್ಕೊಂದು ಸಲ. ಉದ್ದಕ್ಕೆ ಸೀಳಿ, ಚಾಕುವಿನ ಬೆನ್ನಿನಿಂದ ಕಪ್ಪು ಬೀಜ ಕೆರೆದು, ಬೀಜವನ್ನೂ ಸಿಪ್ಪೆಯನ್ನೂ ಸಕ್ಕರೆ ತುಂಬಿದ ಗಾಜಿನ ಜಾಡಿಗೆ ಹಾಕಿ ಬಿಗಿಯಾಗಿ ಮುಚ್ಚಿ. ಅಡುಗೆಮನೆಗೆ ಹೋದಾಗಲೆಲ್ಲ ಒಂದು ಸಲ ಅಲ್ಲಾಡಿಸಿ. ಮೂರು ವಾರಕ್ಕೆ ಮುಚ್ಚಳ ತೆಗೆದರೆ ಆ ವಾಸನೆಗೆ ಪಕ್ಕದ ಕೋಣೆಯಲ್ಲಿದ್ದವರು ಎದ್ದು ಬರಬೇಕು.

ಹಿಟ್ಟು ಟೈಪ್ 405. ನಮ್ಮ ಮೈದಾಕ್ಕೆ ಹತ್ತಿರದ್ದು ಅದೇ. ಚಪಾತಿಗೆಂದು ತಂದಿಟ್ಟ 1050 ಹಿಟ್ಟನ್ನು ಇದಕ್ಕೆ ಸುರಿಯಬೇಡಿ, ಬಣ್ಣ ಕಂದು, ಬಾಯಿಗೆ ಒರಟು. ಬೆಣ್ಣೆಯ ಬದಲು ತುಪ್ಪ ಹಾಕುವವರನ್ನು ಕಂಡರಂತೂ ನನಗೆ ತಡೆಯುವುದಿಲ್ಲ. "ತುಪ್ಪ ಇನ್ನೂ ಒಳ್ಳೆಯದಲ್ಲವಾ ಆಂಟಿ?" ಅನ್ನುತ್ತಾರೆ. ಒಬ್ಬಟ್ಟಿಗೆ ಒಳ್ಳೆಯದು, ಇದಕ್ಕಲ್ಲ. ಇಲ್ಲಿನ ಬೆಣ್ಣೆಯಲ್ಲಿ ನೂರಕ್ಕೆ 82 ಭಾಗ ಕೊಬ್ಬು, ಉಳಿದದ್ದು ಬಹುಪಾಲು ನೀರು. ಹಿಟ್ಟು ಒಂದನ್ನೊಂದು ಹಿಡಿದುಕೊಳ್ಳುವುದು ಆ ನೀರಿನಿಂದ. ತುಪ್ಪದಲ್ಲಿ ನೀರೇ ಇಲ್ಲ. ಅದಕ್ಕೇ ತಟ್ಟೆಯ ಮೇಲೆ ಹರಡಿ ದೋಸೆಯಾಗುತ್ತದೆ, ಮುಟ್ಟಿದರೆ ಮರಳು.

ಅಳತೆ ಕೇಳಬೇಡಿ. 250 ಗ್ರಾಮಿನ ಒಂದು ಕಟ್ಟು ಬೆಣ್ಣೆಗೆ, ಹಿಟ್ಟು ಅದಕ್ಕಿಂತ ಒಂದೆರಡು ಹಿಡಿ ಹೆಚ್ಚು, ಬಾದಾಮಿ ಪುಡಿ ಬೆಣ್ಣೆಯ ಅರ್ಧದಷ್ಟು, ಸಕ್ಕರೆ ಒಂದು ಹಿಡಿಯ ಮೇಲೆ ಸ್ವಲ್ಪ, ಒಂದು ಚಿಟಿಕೆ ಉಪ್ಪು. ಸಕ್ಕರೆ ಕಡಿಮೆಯಾಯಿತು ಅನ್ನಿಸಿದರೂ ಸುಮ್ಮನಿರಿ, ಹೊರಗೆ ಮೆತ್ತುವುದು ಇನ್ನೂ ಬಾಕಿ ಇದೆ. ಬಾದಾಮಿ ಮನೆಯಲ್ಲೇ ಸುಲಿಯುವವರು ಬಿಸಿನೀರಿನಿಂದ ತೆಗೆದು ಬಟ್ಟೆಯ ಮೇಲೆ ರಾತ್ರಿಯೆಲ್ಲ ಆರಿಸಿ. ಒದ್ದೆ ಬಾದಾಮಿ ಮಿಕ್ಸಿಗೆ ಹಾಕಿದರೆ ಚಟ್ನಿಯೇ ಗತಿ. ನಾನು ಈ ಕೆಲಸಕ್ಕೆ ಬುಸ್ ಉಂಡ್ ಬೇಟ್ಟಾಗ್, ಅಂದರೆ ಪ್ರೊಟೆಸ್ಟೆಂಟರ ಪಶ್ಚಾತ್ತಾಪ ಪ್ರಾರ್ಥನೆಯ ದಿನವನ್ನು ಇಟ್ಟುಕೊಂಡಿದ್ದೇನೆ. ನವೆಂಬರ್ 23ಕ್ಕೆ ಹಿಂದಿನ ಬುಧವಾರ ಅದು. ಬವೇರಿಯಾದಲ್ಲಿ ಅಂದು ಆಫೀಸುಗಳಿಗೆ ರಜೆಯಿಲ್ಲ, ಮಕ್ಕಳಿಗೆ ಮಾತ್ರ ಪಾಠವಿಲ್ಲ. ನಮ್ಮಲ್ಲಿ ಮಕ್ಕಳು ಬಾರದ ಕಾರಣ ನನ್ನ ಅಡುಗೆಮನೆಗೆ ಒಂದು ಇಡೀ ದಿನ ಸಿಗುತ್ತದೆ.

ಬೆಣ್ಣೆ ಫ್ರಿಜ್ಜಿನಿಂದ ಆಗತಾನೆ ತೆಗೆದದ್ದಿರಬೇಕು. ಸಣ್ಣ ಚೂರು ಮಾಡಿ, ಹಿಟ್ಟಿನೊಳಗೆ ಬೆರಳ ತುದಿಯಲ್ಲಿ ಉಜ್ಜಿ. ಅಂಗೈ ತಾಗಿಸಬೇಡಿ, ಅಂಗೈಯ ಶಾಖಕ್ಕೆ ಬೆಣ್ಣೆ ಕರಗುತ್ತದೆ. ನಲ್ಲಿಯ ತಣ್ಣೀರಿನಲ್ಲಿ ಕೈ ಹಿಡಿದು ಒರೆಸಿಕೊಂಡು ಶುರು ಮಾಡಿ. ಎಲ್ಲವೂ ಒಂದು ಮುದ್ದೆಯಾದ ಕ್ಷಣ ಕೈ ತೆಗೆಯಿರಿ. ಚಪಾತಿ ಹಿಟ್ಟು ನಾದಿ ನಾದಿ ಅಭ್ಯಾಸವಾದ ಕೈ ನಮ್ಮದು, ಸುಮ್ಮನಿರುವುದಿಲ್ಲ. ನಾದಿದಷ್ಟೂ ಇದು ಗಟ್ಟಿಯಾಗುತ್ತದೆ. ಆ ಹುಡುಗಿಯ ಡಬ್ಬಿಯಲ್ಲಿದ್ದ ಕಲ್ಲುಗಳೆಲ್ಲ ಹಾಗೆ ಹುಟ್ಟಿದವು. ಮುಚ್ಚಿ ಒಂದೆರಡು ಗಂಟೆ ತಣ್ಣಗಿಡಿ, ರಾತ್ರಿಯೆಲ್ಲ ಇಟ್ಟರೆ ಇನ್ನೂ ಮೇಲು. ಬಾಲ್ಕನಿಯಲ್ಲಿ ಇಡುವವರು ಭಾರವಾದ ಮುಚ್ಚಳದ ಪಾತ್ರೆಯಲ್ಲಿಡಿ. ಒಂದು ವರ್ಷ ನನ್ನ ಹಿಟ್ಟಿನ ಅರ್ಧ ಭಾಗ ಕಾಗೆಯ ಪಾಲಾಯಿತು.

ಮರುದಿನ ಸ್ವಲ್ಪ ಸ್ವಲ್ಪವೇ ಹೊರಗೆ ತೆಗೆದು, ಹೆಬ್ಬೆರಳ ದಪ್ಪ ಹೊಸೆದು, ಒಂದೇ ಸಮನಾದ ತುಂಡು ಮಾಡಿ. ಕೋಡುಬಳೆಗೆ ಹೊಸೆದ ಕೈಗೆ ಇದನ್ನು ಯಾರೂ ಕಲಿಸಬೇಕಿಲ್ಲ. ತುದಿ ತೀರಾ ಚೂಪಾಗದಿರಲಿ, ಮೊದಲು ಸೀಯುವುದು ಅದೇ. ಬಾಗಿಸಿ ತಟ್ಟೆಗಿಟ್ಟ ಮೇಲೆ ತಟ್ಟೆಯ ಸಮೇತ ಕಾಲು ಗಂಟೆ ಮತ್ತೆ ತಣ್ಣಗಿಡಿ. ಒಲೆ 175 ಡಿಗ್ರಿ, ಗಾಳಿ ತಿರುಗುವ ಒಲೆಯಾದರೆ ಇಪ್ಪತ್ತು ಡಿಗ್ರಿ ಕಡಿಮೆ. ಹತ್ತು ಹನ್ನೆರಡು ನಿಮಿಷ, ಅಷ್ಟೂ ಹೊತ್ತು ಒಲೆಯ ಮುಂದೆಯೇ ಇರಿ. ಅಂಚಿಗೆ ಹೊಂಬಣ್ಣ ಕಂಡಿತೋ ಇಲ್ಲವೋ ಅನ್ನುವಾಗಲೇ ತೆಗೆಯಬೇಕು. ಬೆಂದಿಲ್ಲ, ಇನ್ನೂ ಮೆತ್ತಗಿದೆ ಅಂತ ಮತ್ತೆ ಒಳಗೆ ತಳ್ಳಬೇಡಿ. ಬಿಸಿಯಲ್ಲಿ ಮೆತ್ತಗೇ ಇರುತ್ತದೆ, ಗಟ್ಟಿಯಾಗುವುದು ಹೊರಗೆ ಬಂದ ಮೇಲೆ.

ಇನ್ನು ಆ ಐದು ನಿಮಿಷಕ್ಕೆ ಬರುತ್ತೇನೆ. ತಟ್ಟೆ ಒಲೆಗೆ ಹೋಗುವ ಮೊದಲೇ ಸಕ್ಕರೆ ಸಿದ್ಧವಿರಬೇಕು. ಜಾಡಿಯ ವನಿಲಾ ಸಕ್ಕರೆ ಒಂದು ಪಾಲು, ಪೂಡರ್‌ತ್ಸುಕರ್ ಅನ್ನುವ ನುಣ್ಣನೆಯ ಪುಡಿಸಕ್ಕರೆ ಎರಡು ಪಾಲು. ಬರೀ ಪುಡಿಸಕ್ಕರೆಯಾದರೆ ಬಿಸಿಗೆ ನೆನೆದು ಮಾಯವಾಗುತ್ತದೆ, ಬರೀ ಹರಳು ಸಕ್ಕರೆಯಾದರೆ ಉದುರಿಹೋಗುತ್ತದೆ. ಎರಡೂ ಸೇರಿದರೆ ಪುಡಿ ಅಂಟಾಗಿ ಹರಳನ್ನು ಹಿಡಿದುಕೊಳ್ಳುತ್ತದೆ. ಎರಡನ್ನೂ ಬೆರೆಸಿ ಅರ್ಧವನ್ನು ಅಗಲ ತಟ್ಟೆಯಲ್ಲಿ ಹಾಸಿ, ಇನ್ನರ್ಧವನ್ನು ಚಹಾ ಸೋಸುವ ಜಾಲರಿಯಲ್ಲಿ ತುಂಬಿ ಪಕ್ಕದಲ್ಲಿಡಿ. ಫೋನು ದೂರವಿರಲಿ.

ಒಲೆಯಿಂದ ತೆಗೆದ ಕೂಡಲೇ ಮುಟ್ಟಬೇಡಿ. ಆಗ ಅದು ಹಸುಗೂಸಿನ ಕತ್ತಿನ ಹಾಗೆ, ಎತ್ತಿದರೆ ಮುರಿಯುತ್ತದೆ. ಎರಡು ನಿಮಿಷ ಬಿಟ್ಟು ಒಂದರ ಕೆಳಗೆ ತೆಳು ಚಾಕು ಜಾರಿಸಿ ನೋಡಿ. ನಡು ಬಾಗಿದರೆ ಇನ್ನೂ ಹೊತ್ತಾಗಿಲ್ಲ. ಇಡಿಯಾಗಿ ಸರಿದರೆ ಹೊತ್ತಾಯಿತು. ಆಗ ಬೆರಳಿಗೆ ಚುರುಕ್ ಅನ್ನುತ್ತದೆ, ಆದರೆ ಹಿಡಿಯಲು ಆಗುತ್ತದೆ. ಆ ಬಿಸಿಯೇ ಬೇಕಾದದ್ದು. ಮೊದಲು ಜಾಲರಿಯಿಂದ ಒಲೆಯ ತಟ್ಟೆಯ ಮೇಲೆಲ್ಲ ತೆಳ್ಳಗೆ ಒಂದು ಸಲ ಉದುರಿಸಿ, ಮೇಲ್ಮೈಗೆ ಒಂದು ಅಂಗಿ ತೊಡಿಸಿದ ಹಾಗೆ. ಆಮೇಲೆ ಒಂದೊಂದನ್ನೇ ಎರಡು ಬೆರಳಲ್ಲಿ ಎತ್ತಿ, ಹಾಸಿದ ಸಕ್ಕರೆಯ ಮೇಲೆ ಮಲಗಿಸಿ, ಬೆನ್ನಿಗೂ ಹೊಟ್ಟೆಗೂ ಸಕ್ಕರೆ ತಾಗುವ ಹಾಗೆ ಮಗ್ಗುಲಾಗಿಸಿ. ಒತ್ತಬೇಡಿ, ಉರುಳಿಸಬೇಡಿ. ಒಂದು ತಟ್ಟೆ ಮುಗಿಯುವವರೆಗೆ ಇನ್ನೊಂದನ್ನು ಒಲೆಯಿಂದ ತೆಗೆಯುವ ಹಾಗಿರಬಾರದು. ಒಂದಾದ ಮೇಲೆ ಒಂದು. ಎರಡು ತಟ್ಟೆ ಒಟ್ಟಿಗೆ ಬೇಯಿಸಿದರೆ ಎರಡನೆಯದು ಆರಿರುತ್ತದೆ. ಆರಿದ ಕಿಪ್ಫರ್ಲ್‌ಗೆ ಮೆತ್ತಿದ ಸಕ್ಕರೆ ನಿಲ್ಲುವುದಿಲ್ಲ, ಡಬ್ಬಿಯ ತಳಕ್ಕೇ ಹೋಗುತ್ತದೆ. ಪೂರ್ತಿ ತಣ್ಣಗಾದ ಮೇಲೆ ಜಾಲರಿಯಿಂದ ಕೊನೆಯದಾಗಿ ಮತ್ತೊಂದು ಸಲ ಉದುರಿಸಿ. ಮೊದಲ ಸಲದ್ದು ಹಿಡಿದುಕೊಳ್ಳಲಿಕ್ಕೆ, ಎರಡನೆಯದು ಕಣ್ಣಿಗೆ.

ಇದನ್ನು ನನಗೆ ಇಲ್ಲಿ ತೋರಿಸಿಕೊಟ್ಟವರು ನಮ್ಮ ಕೆಳಗಿನ ಮನೆಯಲ್ಲಿದ್ದ ಓಮಾ, ಅಂದರೆ ಅಜ್ಜಿ. ಅವರಿಗೆ ನನ್ನ ಮಾತು ಅರ್ಥವಾಗುತ್ತಿರಲಿಲ್ಲ, ನನಗೆ ಅವರ ಫ್ರಾಂಕನ್ ಅನ್ನುವ ಈ ಕಡೆಯ ಆಡುಜರ್ಮನ್ ಅರ್ಥವಾಗುತ್ತಿರಲಿಲ್ಲ. ನನ್ನ ಮಣಿಕಟ್ಟು ಹಿಡಿದು, ತಟ್ಟೆಯ ಮೇಲೆ ತಡೆದು ನಿಲ್ಲಿಸಿ, ಚಾಕು ಜಾರಿಸಿ, "ಈಗ" ಅಂತ ಕಣ್ಣಲ್ಲೇ ಹೇಳಿದರು. ಆ ಕ್ಷಣ ನನಗೆ ನಮ್ಮಮ್ಮ ನೆನಪಾದಳು. ಮದುವೆಮನೆಯ ಚಿರೋಟಿ ಬಾಣಲೆಯ ಪಕ್ಕ ಅಮ್ಮ ಕೂತರೆ ಬೇರೆ ಯಾರಿಗೂ ಪುಡಿಸಕ್ಕರೆಯ ಬಟ್ಟಲು ಕೊಡುತ್ತಿರಲಿಲ್ಲ. ಎಣ್ಣೆ ಸೋರಿದ ತಕ್ಷಣ, ಪದರ ಇನ್ನೂ ಬಿಸಿ ಇರುವಾಗಲೇ ಉದುರಿಸಬೇಕು ಅವಳಿಗೆ. ನಾನೊಮ್ಮೆ ಮಾತಾಡುತ್ತಾ ತಡ ಮಾಡಿದ್ದಕ್ಕೆ ಜಾಲರಿ ಸೌಟಿನಲ್ಲೇ ಕೈಗೊಂದು ಪೆಟ್ಟು ಬಿತ್ತು. ಆ ಅಡುಗೆಮನೆಗೂ ಈ ಅಡುಗೆಮನೆಗೂ ಸಮುದ್ರವೇ ಅಡ್ಡ ಇದೆ. ಆದರೂ ಓಮಾ ಕೈ ಹಿಡಿದಾಗ ನನ್ನ ಕಣ್ಣು ತುಂಬಿತು.

ಒಲೆ ಉರಿದ ಮೇಲೆ ಅಡುಗೆಮನೆ ಪೂರ್ತಿ ಉಗಿ. ಕಿಟಕಿಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಹುಡುಗರು ಕಿಟಕಿಯ ಮೇಲ್ಭಾಗ ಓರೆ ಮಾಡಿ ಬೆಳಗಿನಿಂದ ಸಂಜೆಯವರೆಗೆ ಹಾಗೇ ಬಿಡುತ್ತಾರೆ, ಕೆಳಗೆ ಹೀಟರ್ ಉರಿಯುತ್ತಲೇ ಇರುತ್ತದೆ. ಕಿಟಕಿಯ ಸುತ್ತಲ ಗೋಡೆ ತಣ್ಣಗಾಗಿ ಉಗಿಯೆಲ್ಲ ಅಲ್ಲೇ ಕೂತು ಕಪ್ಪು ಬೂಷ್ಟು ಹಿಡಿಯುತ್ತದೆ. ಮನೆ ಬಿಡುವಾಗ ಠೇವಣಿ ಹೋಯಿತು ಅಂತ ಅಳುತ್ತಾರೆ. ಹೀಟರ್ ಇಳಿಸಿ, ಎದುರುಬದುರಿನ ಕಿಟಕಿ ಪೂರ್ತಿ ತೆರೆದು ಐದು ನಿಮಿಷ ಬಿಟ್ಟು ಮುಚ್ಚಿ. ದಿನಕ್ಕೆ ಮೂರು ನಾಲ್ಕು ಸಲ. ಬೇಕಿಂಗ್ ದಿನ ಪ್ರತಿ ತಟ್ಟೆ ಆದ ಮೇಲೂ.

ಈಗ ಡಬ್ಬಿ. ಪ್ಲಾಸ್ಟಿಕ್ಕಿನದು ಬೇಡ, ತಗಡಿನ ಡಬ್ಬಿ ಬೇಕು. ಪೂರ್ತಿ ಆರಿದ್ದನ್ನೇ ಒಂದು ಪದರ ಇಟ್ಟು, ಬೇಕಿಂಗ್ ಕಾಗದ ಹಾಸಿ, ಮೇಲೆ ಇನ್ನೊಂದು ಪದರ. ಲೇಬ್‌ಕೂಖೆನ್ ಅನ್ನುವ ಮಸಾಲೆಯ ಮೆತ್ತನೆ ಬಿಸ್ಕತ್ತಿನ ಜೊತೆ ಒಂದೇ ಡಬ್ಬಿಯಲ್ಲಿ ತುಂಬುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಪಕ್ಕದ ನ್ಯೂರ್ನ್‌ಬರ್ಗ್ ಊರಿನ ಎಲಿಸೆನ್ ಅನ್ನುವ ಮೇಲ್ದರ್ಜೆಯ ಲೇಬ್‌ಕೂಖೆನ್‌ನಲ್ಲಿ ಹಿಟ್ಟು ನೂರಕ್ಕೆ 10 ಭಾಗ ಮೀರುವ ಹಾಗಿಲ್ಲ, ಬಾದಾಮಿ ಹೇಜಲ್‌ನಟ್ ಥರದ್ದು ಕನಿಷ್ಠ 25 ಇರಲೇಬೇಕು. ಅದಕ್ಕೆ ಮೆತ್ತಗಿದ್ದರೇ ರುಚಿ. ಅದರ ಡಬ್ಬಿಗೆ ಒಂದು ಹೋಳು ಸೇಬು ಹಾಕಿ, ಎರಡು ದಿನಕ್ಕೊಮ್ಮೆ ಬದಲಿಸುತ್ತಾರೆ. ಆ ತೇವ ತಾಗಿದರೆ ಕಿಪ್ಫರ್ಲ್ ಒದ್ದೆ ರಸ್ಕ್ ಆಗುತ್ತದೆ. ಮಸಾಲೆಯ ವಾಸನೆಯೂ ವನಿಲಾವನ್ನು ನುಂಗಿಬಿಡುತ್ತದೆ. ಮೊಟ್ಟೆ ತಿನ್ನದವರು ಲೇಬ್‌ಕೂಖೆನ್ ಕೊಳ್ಳುವ ಮುಂಚೆ ಹಿಂಭಾಗದ ಪಟ್ಟಿ ಓದಿ, ಎಲಿಸೆನ್‌ನಲ್ಲಿ ಮೊಟ್ಟೆ ಇರುತ್ತದೆ.

ಶಾಲೆಗೆ ಒಯ್ಯುವವರಿಗೆ ಇನ್ನೊಂದು ಮಾತು, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಡಬ್ಬಿಯ ಮೇಲೆ ಚೀಟಿ ಅಂಟಿಸಿ, ಜರ್ಮನ್‌ನಲ್ಲಿ: ಬಾದಾಮಿಗೆ ಮಾಂಡೆಲ್ನ್, ಗೋಧಿಗೆ ವೈಟ್ಸೆನ್, ಹಾಲಿಗೆ ಮಿಲ್ಷ್. ನನ್ನ ಕೈಕೆಳಗೆ ಬೆಳೆದ ಒಂದು ಮಗುವಿಗೆ ಬಾದಾಮಿಯ ಪುಡಿ ತುಟಿಗೆ ತಾಗಿದರೂ ಮುಖ ಊದಿಕೊಳ್ಳುತ್ತಿತ್ತು. ಅಂಥ ಮಗು ತರಗತಿಯಲ್ಲಿದ್ದರೆ ಕಿಪ್ಫರ್ಲ್ ದೊಡ್ಡವರ ಕೋಣೆಗೆ ಮಾತ್ರ. ಮಕ್ಕಳಿಗೆ ಬರೀ ಬೆಣ್ಣೆ ಬಿಸ್ಕತ್ತು ಮಾಡಿ. ಅದನ್ನು ಮೊದಲ ದಿನ, ತೊಳೆದ ಮಣೆಯಲ್ಲಿ ಮುಗಿಸಿಕೊಂಡು, ಬಾದಾಮಿಯ ಕೆಲಸ ಮರುದಿನಕ್ಕೆ ಇಟ್ಟುಕೊಳ್ಳಿ. ನಿಕೊಲೌಸ್‌ಗೆ ಡಿಸೆಂಬರ್ 5ರ ರಾತ್ರಿ ತಿಂಡಿ ತುಂಬಲೆಂದು ಮಕ್ಕಳು ಹೊರಗಿಡುವ ಬೂಟು ಒರೆಸಿ ಹೊಳೆಯುತ್ತಿರಲಿ, ಕೆಸರು ಬೂಟಿನೊಳಗೆ ಕಿತ್ತಳೆ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬೆಣ್ಣೆ, ಹಿಟ್ಟು, ಪುಡಿಸಕ್ಕರೆ ಎಲ್ಲ ಶನಿವಾರವೇ ತಂದಿಡಿ. ಭಾನುವಾರ ಅಂಗಡಿಯಿಲ್ಲ. ಡಿಸೆಂಬರ್ 24ರ ಮಧ್ಯಾಹ್ನದಿಂದ 26 ಮುಗಿಯುವವರೆಗೂ ಇಲ್ಲ. ಪಕ್ಕದ ಮನೆಗೆ ಬೆಣ್ಣೆ ಕೇಳಲು ಕ್ರಿಸ್‌ಮಸ್ ಸಂಜೆ ಬಾಗಿಲು ತಟ್ಟಬೇಡಿ.

ಸರಿಯಾಗಿ ಮಾಡಿದ್ದು ತಣ್ಣನೆಯ ಕೋಣೆಯಲ್ಲಿ ನಾಲ್ಕು ವಾರ ಇರುತ್ತದೆ. ಮಾಡಿದ ದಿನಕ್ಕಿಂತ ವಾರ ಕಳೆದ ಮೇಲೆ ರುಚಿ ಹೆಚ್ಚು. ಎಷ್ಟು ಜೋಪಾನ ಮಾಡಿದರೂ ತಟ್ಟೆಗೆ ಐದಾರು ಮುರಿಯುತ್ತವೆ. ಅವನ್ನು ಬಿಸಾಡಬೇಡಿ. ಬೇರೆ ಬಟ್ಟಲಿಗೆ ಹಾಕಿಟ್ಟುಕೊಂಡು, ಬೋಸ್ಕೋಪ್ ಅನ್ನುವ ಹುಳಿ ಸೇಬಿನ ನಡುವಿನ ಬೀಜದ ಭಾಗ ಕೊರೆದು ತೆಗೆದು, ಆ ಪುಡಿಯನ್ನು ಒಣದ್ರಾಕ್ಷಿಯ ಜೊತೆ ಒಳಗೆ ತುರುಕಿ, ಮೇಲೊಂದು ಚೂರು ಬೆಣ್ಣೆ ಇಟ್ಟು 180 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿ. ನಾಲ್ಕೂವರೆಗೇ ಕತ್ತಲಾಗುವ ಆ ಸಂಜೆಗಳಲ್ಲಿ ಶಾಲೆಯಿಂದ ಬಂದವಳು ನಾನು ಮೊದಲು ತಿನ್ನುವುದು ಅದನ್ನೇ, ಕೋಟು ಬಿಚ್ಚುವ ಮೊದಲೇ.